ಎರಡು ಮೀಟರ್ ಹಸಿರು

ನಾರ್ವೆಯಿಂದ ಆರ್ಡರು ಬಂದಿದೆ:
ಎರಡು ಮೀಟರ್ ಹಸಿರು.
ವಿಷಯ ಏನಾದರೂ ಆದೀತು, ಲಿಪಿ ಯಾವುದಾದರೂ ಸೈ,
ಬೆನ್ನು ಮಾತ್ರ ಹಸಿರಿರಬೇಕು,
ಎತ್ತರ ಗೇಣಿಗೆ ಕಮ್ಮಿ ಇರಬಾರದು.

ಟಿಬಿಲಿಸಿಯ ಸೇತುವೆಯ ಬಳಿ, ಹೊಳೆಗೆ ಬೆನ್ನು ಕೊಟ್ಟು ಕೂತ ಲಾಮಾರಾ
ಅದನ್ನು ಎರಡು ಸಲ ಓದಿಸಿಕೊಂಡಳು.
"ಜವಳಿ ಅಂಗಡಿ ಅಂದುಕೊಂಡಿದ್ದಾರೇನೆ?"
ಫೋನು ಹಿಡಿದವಳು ತೆಕ್ಲೆ, ಹತ್ತೊಂಬತ್ತರ ಹುಡುಗಿ,
ನೂರಕ್ಕೆ ಹದಿನೈದು ಅವಳ ಪಾಲು.
"ಇಲ್ಲಜ್ಜಿ, ಮೀಟಿಂಗಿನಲ್ಲಿ ತಲೆಯ ಹಿಂದೆ ಕಾಣಲಿಕ್ಕೆ."

ನಾನು ಪಕ್ಕದ ಚಾಪೆಯವನು. ಹಳೇ ಕ್ಯಾಮೆರಾ ಮಾರುತ್ತೇನೆ,
ಅಂದರೆ ಮಾರುತ್ತಿದ್ದೆ. ಈಗ ಜನ ಬಂದು
ನನ್ನ ಕ್ಯಾಮೆರಾಗಳ ಫೋಟೋ ಫೋನಿನಲ್ಲಿ ಹೊಡೆದುಕೊಂಡು ಹೋಗುತ್ತಾರೆ.
ಪುರುಸೊತ್ತಿತ್ತು. ಟೇಪಿನ ಒಂದು ತುದಿ ಹಿಡಿದೆ.

ಜೇನು ಸಾಕಣೆ, ಎರಡು ಬೆರಳು.
ಉಕ್ಕಿನ ಗುಣಧರ್ಮ, ನಾಲ್ಕು.
ದ್ರಾಕ್ಷಿಬಳ್ಳಿಯ ರೋಗಗಳು, ಮೂರು ಸಂಪುಟ, ನಡುವಿನದು ಇಲ್ಲ.
ಹೆಸರೇ ಕೇಳದ ಕವಿಯೊಬ್ಬ, ಉಗುರಿನಷ್ಟು ದಪ್ಪ.
ಅವನನ್ನು ತೆಗೆದು, ಸೆರಗಿಲ್ಲದ ಕೋಟಿನ ತೋಳಿನಲ್ಲಿ ಒರೆಸಿ,
ಮತ್ತೆ ಸೇರಿಸಿದಳು: "ಇವನೂ ನಿಂತುಕೊಳ್ಳಲಿ, ಪಾಪ."
ಕೆಂಪು ರಟ್ಟಿನವು ಬಿಸಿಲಿಗೆ ಸುಮ್ಮನಿದ್ದವು.
ಅವಕ್ಕೂ ಒಂದು ಕಾಲವಿತ್ತು.

ಎಷ್ಟು ಜೋಡಿಸಿದರೂ ನಾಲ್ಕು ಬೆರಳು ಸಾಲದು.

ಆಗ ಅವಳು ತನ್ನ ಊಟದ ಚೀಲಕ್ಕೆ ಕೈ ಹಾಕಿದಳು.
ಮಾರಾಟಕ್ಕಲ್ಲದ ಪುಸ್ತಕ ಅದು. ಹಸಿರೇ.
ಮೂವತ್ತೊಂದು ವರ್ಷ ಸರ್ಕಾರಿ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು;
ಈ ಕಾದಂಬರಿಯ ಇನ್ನೂರ ಹದಿಮೂರನೇ ಪುಟದಲ್ಲಿ
ಒಂದೇ ಒಂದು ಅಕ್ಷರ ಅವಳ ಕಣ್ಣಿಗೆ ಮಣ್ಣೆರಚಿತ್ತು.
ಜಾರ್ಜಿಯನ್ ನುಡಿಯಲ್ಲಿ ಕೈಗೂ ಬಯಲಿಗೂ ಅಷ್ಟೇ ಅಂತರ.
ಅವನ ಕೈ ಬೆಚ್ಚಗಿತ್ತು ಆಗಬೇಕಾದ್ದು
ಅವನ ಬಯಲು ಬೆಚ್ಚಗಿತ್ತು ಆಗಿ
ಹನ್ನೆರಡು ಸಾವಿರ ಪ್ರತಿ ಊರೂರಿಗೆ ಹೊರಟುಹೋಯಿತು.

ಸಂಬಳ ಕಡಿಯುತ್ತಾರೆಂದು ತಿಂಗಳುಗಟ್ಟಲೆ ಹೆದರಿದಳಂತೆ.
ಆಮೇಲೆ, ಯಾರಾದರೂ ಓದುಗ ಬರೆದಾನೆಂದು ಕಾದಳಂತೆ.
ಒಂದು ಕಾರ್ಡೂ ಬರಲಿಲ್ಲ.
ಹನ್ನೆರಡು ಸಾವಿರ ಜನ ಆ ಬಯಲನ್ನು ದಾಟಿದರು,
ಕಾಲಿಗೊಂದು ಮುಳ್ಳು ತಾಗದ ಹಾಗೆ.
ಅಥವಾ ಅಲ್ಲಿವರೆಗೆ ಯಾರೂ ಬರಲೇ ಇಲ್ಲ.
"ಆಗಲೂ ಪುಸ್ತಕ ಗೋಡೆಗೇ ಕಣೋ," ಅಂದಳು,
"ಗೋಡೆಯನ್ನು ಊರಿಗೆಲ್ಲ ತೋರಿಸುತ್ತಿರಲಿಲ್ಲ, ಅಷ್ಟೆ."

"ಎಲ್ಲಿ, ಕೊಡಿ," ತೆಕ್ಲೆ ಪುಟದ ಮೇಲೆ ಫೋನು ಹಿಡಿದಳು.
ಗಾಜಿನೊಳಗೆ ಅಕ್ಷರಗಳು ನಡುಗಿ, ಕದಡಿ,
ಇಂಗ್ಲಿಷಾಗಿ ನಿಂತವು:
ಅವನ ಕೈ ಬೆಚ್ಚಗಿತ್ತು.
"ಸರಿಯಾಗೇ ಇದೆಯಲ್ಲ ಅಜ್ಜಿ!"

ಯಂತ್ರ ತಿದ್ದಿಬಿಟ್ಟಿತ್ತು.
ಕೆಂಪು ಶಾಯಿಯಿಲ್ಲ, ಅಂಚಿನಲ್ಲಿ ಗೀಟಿಲ್ಲ,
ಇಲ್ಲೊಂದು ಎಡವಟ್ಟಿತ್ತು ಎಂಬ ಗುರುತೂ ಇಲ್ಲ.
ನಲವತ್ತು ವರ್ಷ ಮುಖಗಳಿಗೆ ಫೋಕಸ್ ಮಾಡಿದವನು ನಾನು;
ಲಾಮಾರಾಳ ಮುಖ ಹಗುರಾಯಿತೋ,
ಜೇಬುಗಳ್ಳರ ಕೈಗೆ ಸಿಕ್ಕವರದಾಯಿತೋ, ಹೇಳಲಾರೆ.
"ತಪ್ಪು ನನ್ನದು," ಎಂದಳು,
"ನನ್ನನ್ನೊಂದು ಮಾತು ಕೇಳಬಹುದಿತ್ತು."

ಪುಸ್ತಕವನ್ನು ಸಾಲಿಗೆ ಒತ್ತಿದಳು. ಎರಡು ಮೀಟರ್, ಕೂದಲೆಳೆ ಹೆಚ್ಚಿಲ್ಲ.
ಪೆಟ್ಟಿಗೆ ಕಟ್ಟಿದವನು ನಾನು:
ಜೇನು, ಉಕ್ಕು, ಬಳ್ಳಿಯ ರೋಗ,
ನಡುವೆ ಬೆಚ್ಚಗೆ ಒಂದು ಬಯಲು.
ಒಳಗೇನಿದೆ ಎಂಬ ಖಾನೆಯಲ್ಲಿ
ತೆಕ್ಲೆ ಬರೆದಳು: ಅಲಂಕಾರ.

ಹದಿನೇಳು ದಿನಕ್ಕೆ ಐದು ನಕ್ಷತ್ರ ಬಿದ್ದವು.
"ಸೋಫಾಕ್ಕೆ ಚೆನ್ನಾಗಿ ಒಪ್ಪುತ್ತದೆ."
ಜೊತೆಗೊಂದು ಚಿತ್ರ: ಬಿಳಿ ಗೋಡೆ, ಬೋಳುತಲೆಯ ಗಂಡಸು,
ಅವನ ಎಡಕಿವಿಯ ಪಕ್ಕ ಆ ಪುಸ್ತಕ.
ಲಾಮಾರಾ ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ,
ಕರಡು ನೋಡುವ ಹಾಗೆ ನೋಡಿದಳು, ತುಂಬ ಹೊತ್ತು.
"ತಲೆಕೆಳಗು ಇಟ್ಟಿದ್ದಾನೆ," ಎಂದಳು. ನಕ್ಕಳು.

ಮುಂದಿನದು ಬೂದು, ಮುಕ್ಕಾಲು ಮೀಟರ್.
ಟೇಪಿನ ತುದಿಯನ್ನು ನನ್ನ ಕಡೆ ಎಸೆದಳು.